ನಾಫಿರಿಯ ಮದುವೆ ಗೌನು

ಪ್ರೀತಿಯ ಚಮನಬೀ ಖಾಲಾಗೆ,

ನಿಮ್ಮ ಸುವಾರ್ತಮ್ಮ ಮಾಡುವ ಸಲಾಂ. ಈ ಕಾಗದವನ್ನು ಆಮೀನಾ ನಿಮಗೆ ಓದಿ ಹೇಳುತ್ತಿರುತ್ತಾಳೆ ಅಂತ ಗೊತ್ತು. ಆಮೀನಾ, ಅಜ್ಜಿಗೆ ನಿಧಾನಕ್ಕೆ ಓದವ್ವ, ನಡುವೆ ಏನೂ ಹಾರಿಸಬೇಡ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಫೋನು ಹಚ್ಚಿದರೆ ನೀವು "ಉಂಡಿಯೇನು, ಜ್ವರ ಗಿರ ಬಂದಿಲ್ಲಲ್ಲ" ಅಂತ ಕೇಳುವುದರೊಳಗೆ ನೆಟ್‌ವರ್ಕ್ ಹೋಗಿಬಿಡುತ್ತದೆ. ನಮ್ಮ ಚರ್ಚಿನ ತಂಡದ ಒಬ್ಬರು ಎಲ್ಲರಿಗಿಂತ ಮೊದಲು ಯಾದಗಿರಿಗೆ ವಾಪಸ್ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಉಂಡಿದ್ದೇನೆ. ಜ್ವರ ಬಂದಿಲ್ಲ. ಬಂದದ್ದು ಚಳಿ ಮಾತ್ರ. ಸುರಪುರದ ಬೇಸಿಗೆ ಕಂಡವಳಿಗೆ ಆಫ್ರಿಕಾದ ಬಿಸಿಲು ಏನು ಮಾಡೀತು ಅಂತ ಹತ್ತಿ ಸೀರೆಗಳನ್ನೇ ತುಂಬಿಕೊಂಡು ಬಂದೆನಲ್ಲ, ಇಲ್ಲಿ ಮಲಾವಿ ದೇಶದಲ್ಲಿ ಈಗ ಚಳಿಗಾಲ! ಬೆಟ್ಟದ ಮೇಲಿಂದ ಮಂಜು ಇಳಿದು ಬಂದು ಚರ್ಚಿನ ಗಂಟೆಯನ್ನೇ ಮುಚ್ಚಿಬಿಡುತ್ತದೆ. ಹಲ್ಲು ಕಟಕಟ ಅನ್ನುತ್ತಿದ್ದರೆ ಇಲ್ಲಿಯ ಹೆಂಗಸರು ನನ್ನನ್ನು ನೋಡಿ ನಗುತ್ತಾರೆ. ಈಗ ಸೀರೆಯ ಮೇಲೆ ಯಾರದೋ ಗಂಡಸರ ಕೋಟು ಹಾಕಿಕೊಂಡು ಪಾಠ ಹೇಳುತ್ತಿದ್ದೇನೆ.

ಬಂದ ಮರುದಿನವೇ ಒಂದು ಸೋಜಿಗ ನೋಡಿದೆ. ಚರ್ಚಿನ ಹಿಂದೆ ತೊಗರಿ ಹೊಲ! ನನ್ನ ತವರು ಬಳಿಚಕ್ರದಲ್ಲಿ ನಮ್ಮಪ್ಪನ ಹೊಲ ಹೇಗಿತ್ತೋ ಹಾಗೇ. ಇಷ್ಟು ದೂರ ಹಾರಿ ಬಂದು ತೊಗರಿ ಕಂಡರೆ ಸುಮ್ಮನಿರಲಾದೀತೇ ಖಾಲಾ? ಒಂದು ಹಸಿಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ, ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹೊಲದ ಒಡತಿ ಕೈ ಬೀಸುತ್ತ ಓಡಿ ಬಂದಳು. ಬೈಯುತ್ತಾಳೆ ಅಂತ ನಿಂತಿದ್ದರೆ, ನನ್ನ ಕಣ್ಣೀರು ನೋಡಿ, ಗಿಡದಿಂದ ಕಿತ್ತು ಕಿತ್ತು ನನ್ನ ಸೆರಗಿಗೆ ಸುರಿದಳು. ದೊಡ್ಡ ದೇಹ, ಮುಂದಿನ ಎರಡು ಹಲ್ಲಿಲ್ಲ, ನಕ್ಕರೆ ಊರಿಗೆಲ್ಲ ಕೇಳಬೇಕು. ಅವಳೇ ನಾಫಿರಿ. ಈ ಕಾಗದ ಹೆಚ್ಚುಕಡಿಮೆ ಅವಳದೇ ಸುದ್ದಿ.

ಅದಕ್ಕೂ ಮೊದಲು ನಿಮ್ಮ ಮಾತಿಗೆ ಬರುತ್ತೇನೆ. ನಾನು ಹೊರಡುವ ದಿನ ಅಂಗಡಿಯ ಕಟ್ಟೆಯ ಮೇಲೆ ಕೂತು ನೀವು ಅಂದಿರಿ, "ಸೇವಾ ಮಾಡಾಕ ಹೊಂಟೀನಿ ಅಂತಿ, ಖುಷಿ ಐತಿ ಬೇಟಿ. ಆದರ ಖರೇ ಹೇಳು, ನೀ ಹೊಂಟೀಯೋ, ಓಡಾಕತ್ತೀಯೋ?" ನಾನು ಸಿಟ್ಟಿನಿಂದ, "ಕರ್ತನ ಕೆಲಸಕ್ಕ ಹೊಂಟೀನ್ರಿ, ಹಂಗ ಅನಬ್ಯಾಡ್ರಿ" ಅಂದೆ. ಸಿಟ್ಟು ಯಾಕೆ ಬಂತು ಅಂದರೆ, ನೀವು ಅಂದದ್ದು ನಿಜವಾಗಿತ್ತು.

ನನ್ನ ಗಂಡ ತೀರಿಕೊಂಡಾಗ ಮಗಳು ಕೀರ್ತನಾ ಇನ್ನೂ ಚಿಕ್ಕವಳು. ಸೂಜಿಗೆ ದಾರ ಪೋಣಿಸಲೂ ಬಾರದ ನನ್ನನ್ನು ನೀವು ನಿಮ್ಮ ಅಂಗಡಿಯಲ್ಲಿ ಕೂರಿಸಿಕೊಂಡು ಕಟಿಂಗ್ ಕಲಿಸಿದಿರಿ. ಕಣ್ಣು ಮಂಜಾದಾಗ ಮಶೀನನ್ನೂ ಅಂಗಡಿಯನ್ನೂ ನನಗೇ ಒಪ್ಪಿಸಿ ಕಟ್ಟೆಯ ಮೇಲೆ ಕೂತಿರಿ. ಮಗಳು ಓದಿದಳು, ನರ್ಸ್ ಆದಳು, ಯಾದಗಿರಿಯಲ್ಲಿ ಗಂಡನ ಮನೆ ಸೇರಿದಳು. ಇನ್ನೇನು ನನ್ನ ಬದುಕಿನ ಕೆಲಸವೆಲ್ಲ ಮುಗಿಯಿತು ಅಂದುಕೊಳ್ಳುವಾಗ ಶಹಾಪುರದ ದೇವಪುತ್ರಪ್ಪನವರು ನಿಮ್ಮ ಹತ್ತಿರ ಬಂದು ಮದುವೆಯ ಮಾತು ತೆಗೆದರು. ರಿಟೈರಾದ ಬಸ್ ಕಂಡಕ್ಟರ್, ಹೆಂಡತಿ ತೀರಿ ವರ್ಷಗಳಾದವು, ನಮ್ಮದೇ ಚರ್ಚಿನವರು. ನನ್ನನ್ನು ಕೇಳಲು ಧೈರ್ಯ ಸಾಲದೆ ನಿಮ್ಮನ್ನು ಕೇಳಿದರು. ನೀವು ನಗುತ್ತ ನನಗೆ ಹೇಳಿದಿರಿ, "ಅಂಗೀದು ಗಟ್ಟಿ ಇದ್ದ ಗುಂಡೀನ ಹರ್ಕೊಂಡು ಹರ್ಕೊಂಡು ಹಚ್ಚಸಾಕ ಬರ್ತಾನ, ನನಗೇನು ಕಣ್ಣು ಪೂರಾ ಹೋಗ್ಯಾವೇನು?"

ನಾನು ನಗಲಿಲ್ಲ. ಐವತ್ತು ಹತ್ತಿರ ಬಂದಿದೆ, ಬೀಗರು ಏನಂದಾರು, ಮಗಳು ಏನಂದಾಳು, ಚರ್ಚಿನಲ್ಲಿ ಯಾವ ಮುಖ ಹೊತ್ತು ಕೂರಲಿ? ಅದೇ ವಾರ ನಮ್ಮ ಸ್ತ್ರೀ ಸಮಾಜದಲ್ಲಿ, ಮಲಾವಿಯ ಒಂದು ಚರ್ಚಿನವರು ಹೊಲಿಗೆ ಕಲಿಸುವವರನ್ನು ಕೇಳಿದ್ದಾರೆ, ಸೇವೆಗೆ ಯಾರು ಹೋಗುತ್ತೀರಿ ಅಂದರು. ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಎಲ್ಲರೂ ನನ್ನ ಭಕ್ತಿಯನ್ನು ಹೊಗಳಿದರು.

ಇಲ್ಲಿ ಮೊದಲ ಭಾನುವಾರವೇ ಆ ಭಕ್ತಿಯ ಗತ್ತು ಇಳಿಯಿತು. ನಮ್ಮ ತಂಡದ ಹಿರಿಯಳು ಸುಗುಣಮ್ಮ, ಯಾದಗಿರಿ ಪಾಸ್ಟರ ಹೆಂಡತಿ, ನನಗೆ ಇಂಗ್ಲಿಷಿನಲ್ಲಿ ಸಾಕ್ಷಿ ಹೇಳುವುದನ್ನು, ಅಂದರೆ ದೇವರು ನನ್ನ ಬಾಳಿನಲ್ಲಿ ಮಾಡಿದ ಉಪಕಾರವನ್ನು ಸಭೆಗೆ ಹೇಳುವುದನ್ನು, ಬಾಯಿಪಾಠ ಮಾಡಿಸಿದ್ದಳು. ಎದ್ದು ನಿಂತೆ. ಚರ್ಚು ತುಂಬ ಜನ, ಎಲ್ಲರ ಕಣ್ಣೂ ನನ್ನ ಮೇಲೆ. ಒಂದಕ್ಷರ ನೆನಪಿಗೆ ಬರಲಿಲ್ಲ ಖಾಲಾ! ಸುಗುಣಮ್ಮ ಹಿಂದಿನಿಂದ ಪಿಸುಗುಟ್ಟುತ್ತಿದ್ದಾಳೆ, ನನಗೆ ಕಿವಿಯೂ ಕೇಳುತ್ತಿಲ್ಲ. ಕಡೆಗೆ ಕಣ್ಣು ಮುಚ್ಚಿ ನಮ್ಮವ್ವ ಕಲಿಸಿದ ಒಂದು ಕನ್ನಡ ಭಜನೆ ಶುರು ಮಾಡಿದೆ. ಎರಡನೇ ಸಾಲಿಗೆ ಯಾರೋ ಡೋಲು ಹಿಡಿದರು. ಮೂರನೇ ಸಾಲಿಗೆ ನಾಫಿರಿ ಎದ್ದು ಕುಣಿಯುತ್ತ ಬಂದು ನನ್ನ ಪಕ್ಕ ನಿಂತಳು. ಸಾಕ್ಷಿ ಹೇಳಲು ಹೋದವಳು ಹಾಡಿ ಕುಣಿದು ಬಂದೆ.

ಮಾರನೆಯ ದಿನದಿಂದ ಚರ್ಚಿನ ವರಾಂಡದಲ್ಲಿ ಹೊಲಿಗೆ ಪಾಠ. ಕಾಲಿನ ಮಶೀನುಗಳು, ನಮ್ಮವೇ ತರಹ. ಹೆಂಗಸರೆಲ್ಲ ಬೇಗ ಕಲಿತರು, ಶಾಲೆಯ ಮಕ್ಕಳ ಅಂಗಿ ಹೊಲಿಯುವಷ್ಟು ಕೈ ಕೂತಿತು. ನಾಫಿರಿಯೊಬ್ಬಳದು ಮಾತ್ರ ಹೊಲಿಗೆ ಎಳೆದತ್ತ ಹೋಗುತ್ತಿತ್ತು. ಅವಳಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತದೆ, ಸುಗುಣಮ್ಮಗೆ ಪೂರಾ ಬರುತ್ತದೆ, ನನಗೆ ಏನೂ ಬರುವುದಿಲ್ಲ. ಹೀಗೆ ಮೂವರೂ ಸೇರಿ ಮಾತಾಡುತ್ತಿದ್ದೆವು. ಅವಳ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ, ನನಗೆ ಹಾಗೇ ಕೇಳಿಸುತ್ತಿತ್ತು.

ಒಂದು ದಿನ ಮಶೀನು ನಿಲ್ಲಿಸಿ ಹೇಳಿದಳು, "ನನ್ನ ಮದುವಿ ಐತಿ. ಬಿಳಿ ಗೌನು ನೀನ ಹೊಲೀಬೇಕು."

ನಾಫಿರಿಗೆ ಮೊಮ್ಮಕ್ಕಳಿದ್ದಾರೆ ಖಾಲಾ. ಗಂಡ ಸತ್ತು ಬಹಳ ವರ್ಷ. ಮದುಮಗ ಜೋಸೆಫ್, ಚರ್ಚಿನ ಗಂಟೆ ಹೊಡೆಯುವ ಮುದುಕ. ವರಾಂಡದಲ್ಲಿ ಮಶೀನುಗಳೆಲ್ಲ ನಿಂತವು. ಮಹಿಳಾ ಸಂಘದ ಅಧ್ಯಕ್ಷೆ ಗೊಂಡ್ವೆಯಮ್ಮ ಮೂಗು ಮುರಿದು ಏನೋ ಅಂದಳು. ಈ ವಯಸ್ಸಿಗೆ ಬಿಳಿ ಗೌನು ಯಾಕೆ, ಸುಮ್ಮನೆ ಪಾಸ್ಟರ ಮನೆಯಲ್ಲಿ ಪ್ರಾರ್ಥನೆ ಮಾಡಿಸಿಕೊಂಡರೆ ಸಾಲದೇ ಅಂದಳಂತೆ. ನನಗೂ ಅದೇ ಸರಿ ಅನಿಸಿತು. ಸಾದಾ ಬಟ್ಟೆಯೇ ಚೆಂದ ಕಾಣುತ್ತದೆ ಅಂತ ಹೇಳು ಎಂದು ಸುಗುಣಮ್ಮನಿಗೆ ಹೇಳಿದೆ.

ನಾಫಿರಿ ನನ್ನ ಎದುರು ಬಂದು ಕೂತಳು. "ನಿನ್ನ ಗಂಡ?"

"ತೀರ್ಕೊಂಡಾನ."

"ಹಂಗಾದ್ರ ಮನ್ಯಾಗ ನಿನ್ನ ಜೋಡಿ ಯಾರು ನಗ್ತಾರ?"

ನಾನು ಟೇಪು ತೆಗೆದುಕೊಂಡು ಅವಳ ಅಳತೆ ತೆಗೆಯಲು ಶುರು ಮಾಡಿದೆ. ಅವಳೋ ಕಚಗುಳಿಯಾಗುತ್ತದೆ ಅಂತ ನಗುತ್ತ ಅತ್ತಿತ್ತ ಹೊರಳುತ್ತಿದ್ದಾಳೆ. ನಡುವೆ ತಲೆ ಮೇಲೆತ್ತಿ ಗಟ್ಟಿಯಾಗಿ ಪ್ರಾರ್ಥನೆ ಬೇರೆ: "ಅಪ್ಪಾ, ನೀ ಜೋಸೆಫ್‌ನ ಕೊಟ್ಟಿ, ಥ್ಯಾಂಕ್ಯೂ. ಈಗ ಮೈಗೆ ಸರಿಯಾದ ಗೌನು ಕೊಡು. ಮದುವಿ ದಿನ ಮಂಜು ಬ್ಯಾಡ, ಬಿಸಿಲು ಕೊಡು." ಅಂಗಡಿಗೆ ಬಂದು ಬೇಕಾದದ್ದು ಕೇಳುವ ಗಿರಾಕಿಯ ಹಾಗೆ, ನಾಚಿಕೆಯಿಲ್ಲದೆ, ಸಂತೋಷವಾಗಿ.

ನನ್ನ ಪ್ರಾರ್ಥನೆ ನಿಮಗೆ ಗೊತ್ತು. ನೀವು ನಮಾಜು ಮಾಡುವ ಹೊತ್ತಿಗೆ ನಾನೂ ಮಶೀನಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚುತ್ತಿದ್ದೆ. ಕೀರ್ತನಾಗೆ ಒಳ್ಳೆಯದು ಮಾಡು, ಖಾಲಾನ ಮೊಣಕಾಲು ನೋವು ತೆಗಿ, ಓಣಿಯವರನ್ನು ಕಾಯಿ, ನನಗೇನೂ ಬೇಡ ಕರ್ತನೇ. ಈ ಕಡೆಯ ಮಾತು ಹೇಳುವಾಗ ನನಗೆ ಒಳಗೊಳಗೆ ಹೆಮ್ಮೆ. ನಾಫಿರಿಯ ಅಳತೆ ತೆಗೆದು ರೂಮಿಗೆ ಹೋದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. 'ನನಗೇನೂ ಬೇಡ' ಅನ್ನುವುದು ಭಕ್ತಿಯಲ್ಲ, ಭಯ ಅಂತ ಅವತ್ತು ತಿಳಿಯಿತು. ಕೇಳಿದರೆ ಅವನು ಕೊಟ್ಟೇಬಿಟ್ಟಾನು ಅನ್ನುವ ಭಯ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಗೌನು ತೊಡಿಸಿದೆವು. ಕೈ ತೂರಿತು, ಕುತ್ತಿಗೆ ತೂರಿತು, ಸೊಂಟದ ಹತ್ತಿರ ಬಂದು ನಿಂತೇಬಿಟ್ಟಿತು. ಹೊರಳಾಡಿದವಳ ಅಳತೆ ನಂಬಿ ಕತ್ತರಿ ಹಾಕಿದ್ದೆ! ನಾಫಿರಿ ಮೊದಲ ಸಲ ನಗು ನಿಲ್ಲಿಸಿದಳು. ನೆಲದ ಮೇಲೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತಳು. ಗೊಂಡ್ವೆಯಮ್ಮ ಹೇಳಿದ್ದೇ ನಿಜ, ಈ ವಯಸ್ಸಿಗೆ ಇದೆಲ್ಲ ಬೇಡವಾಗಿತ್ತು ಅಂದಳಂತೆ. ಆ ಮಾತು ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಏನು ಬ್ಯಾಡ? ಯಾಕ ಬ್ಯಾಡ? ಏಳು ಮ್ಯಾಲೆ!" ಅಂತ ಕನ್ನಡದಲ್ಲೇ ಗದರಿದೆ. ಅವಳಿಗೆ ಅರ್ಥವಾಯಿತು, ಎದ್ದು ನಿಂತಳು.

ಬಿಳಿ ಬಟ್ಟೆ ಒಂದು ಚೂರೂ ಉಳಿದಿರಲಿಲ್ಲ. ಪೇಟೆ ದೂರ. ಆಗ ಉಡುಗೊರೆ ಕೊಡಲು ಅಂತ ತಂದಿದ್ದ ಖಣದ ತುಂಡುಗಳು ಪೆಟ್ಟಿಗೆಯಲ್ಲಿವೆ ಅಂತ ನೆನಪಾಯಿತು. ಕುಂಕುಮದ ಬಣ್ಣದ್ದು, ಹಸಿರು ಅಂಚಿನದು. ಗೌನಿನ ಎರಡೂ ಬದಿ ಬಿಚ್ಚಿದೆ, ಕಂಕುಳಿಂದ ಕೆಳಗಿನವರೆಗೆ ಖಣದ ಪಟ್ಟಿ ಕೂಡಿಸಿ, ಒಳಗೆ ಅಸ್ತರ ಕೊಟ್ಟೆ. ಬರೀ ಬದಿಗೆ ಇದ್ದರೆ ತೇಪೆ ಅನಿಸೀತು ಅಂತ ತೋಳಿಗೂ ಕುತ್ತಿಗೆಗೂ ಅದನ್ನೇ ಸುತ್ತಿದೆ. ನನ್ನ ವಿದ್ಯಾರ್ಥಿನಿಯರು ಒಬ್ಬೊಬ್ಬರು ಒಂದೊಂದು ಕಡೆ ಕಚ್ಚಾ ಹೊಲಿಗೆ ಹಾಕುತ್ತ ಹೋದರು. ಹಾಗೆ ಮಶೀನು ತುಳಿಯುತ್ತಿರುವಾಗಲೇ, ಕಣ್ಣು ತೆರೆದೇ, ನಾನು ಕೇಳಿಬಿಟ್ಟೆ ಖಾಲಾ. ಕರ್ತನೇ, ನನಗೂ ಬೇಕು. ಮನೆಯಲ್ಲಿ ನಗುವವರು ಒಬ್ಬರು ಬೇಕು. ಅಷ್ಟೇ ಪ್ರಾರ್ಥನೆ. ಮನಸ್ಸು ಹಗುರಾಗಿ ಕಾಲಿಗೆ ಎಲ್ಲಿಂದಲೋ ಜೋರು ಬಂತು. ಸುಗುಣಮ್ಮ, "ಸಾವಕಾಶ, ಮಶೀನು ಹಾರಿ ಹೋದೀತು" ಅಂದಳು.

ಮದುವೆ ದಿನ ಬಿಸಿಲು ಬಿತ್ತು. ನಾಫಿರಿ ಬಾಗಿಲಿಗೆ ಬಂದಾಗ ಹೆಂಗಸರೆಲ್ಲ ಒಟ್ಟಿಗೆ ಕೇಕೆ ಹಾಕಿದರು. ಅವತ್ತು ಗಂಟೆ ಹೊಡೆಯುವವನೇ ಮದುಮಗ, ಗಂಟೆ ಹೊಡೆಯುವವರಿಲ್ಲ. ಜೋಸೆಫ್ ಪೀಠದ ಹತ್ತಿರದಿಂದ ಓಡಿ ಹೋಗಿ ತನ್ನ ಮದುವೆಯ ಗಂಟೆಯನ್ನು ತಾನೇ ಹೊಡೆದು ಬಂದ! ಊಟದಲ್ಲಿ ಮೆಕ್ಕೆಜೋಳದ ಮುದ್ದೆ, ಸೊಪ್ಪು, ಕೋಳಿ. ಕೋಳಿಗಳನ್ನು ಕೊಟ್ಟವಳು ಯಾರು ಗೊತ್ತೇ? ಗೊಂಡ್ವೆಯಮ್ಮ. ಕೊಟ್ಟದ್ದಷ್ಟೇ ಅಲ್ಲ, ಕುಣಿತದಲ್ಲಿ ಎಲ್ಲರಿಗಿಂತ ಮುಂದೆ ಅವಳೇ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಆ ಕೆಂಪು ಬಟ್ಟೆ ಇನ್ನೂ ಉಳಿದಿದೆಯೇ ಅಂತ ಕೇಳಿದಳು. ಅವಳೂ ವಿಧವೆಯೇ. ಏನು ಯೋಚನೆಯಿದೆಯೋ ನಾನು ಕೇಳಲಿಲ್ಲ, ತುಂಡು ಕೊಟ್ಟೆ.

ಮಾರನೆಯ ದಿನ ಗುಡ್ಡ ಹತ್ತಿ, ನೆಟ್‌ವರ್ಕ್ ಸಿಗುವ ಜಾಗದಲ್ಲಿ ನಿಂತು ಕೀರ್ತನಾಗೆ ಫೋನು ಮಾಡಿ, ದೇವಪುತ್ರಪ್ಪನವರು ಕೇಳಿದ್ದು, ನನಗೂ ಮನಸ್ಸಿರುವುದು ಎಲ್ಲ ಹೇಳಿದೆ. ಅವಳು "ಡ್ಯೂಟಿ ಐತಿ" ಅಂತ ಇಟ್ಟುಬಿಟ್ಟಳು. ಆಮೇಲೆ ಎಷ್ಟು ಸಲ ಗುಡ್ಡ ಹತ್ತಿ ಫೋನು ಹಚ್ಚಿದರೂ ಎತ್ತಲಿಲ್ಲ. ಕೇಳಿದ್ದೇ ತಪ್ಪಾಯಿತೇ ಕರ್ತನೇ ಅಂತ ಕೂತು ಅತ್ತಿದ್ದೇನೆ. ನಾಫಿರಿ ಹೊಸ ಗಂಡನನ್ನು ಮನೆಯಲ್ಲಿ ಬಿಟ್ಟು ಬಂದು ನನ್ನ ಪಕ್ಕ ಕೂರುತ್ತಿದ್ದಳು. ನೆಲಗಡಲೆ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ಇನ್ನೊಬ್ಬರಿಗೆ ಬಡಿಸಿಯೇ ರೂಢಿಯಾದವಳು ನಾನು, ಹಾಗೆ ಸುಮ್ಮನೆ ಕೂತು ಇಸಿದುಕೊಳ್ಳುವುದನ್ನೂ ಕಲಿತೆ.

ನಿನ್ನೆ ನಾನು ಗುಡ್ಡದ ಮೇಲಿರುವಾಗ ಕೀರ್ತನಾಳೇ ಫೋನು ಮಾಡಿದಳು. ಧ್ವನಿ ಗಟ್ಟಿಯಾಗಿತ್ತು. "ಪಪ್ಪಾನ ಫೋಟೋ ಏನು ಮಾಡ್ತಿ?" ಅಂದಳು. ಬೀಗರ ಮಾತಲ್ಲ, ಜನರ ಮಾತಲ್ಲ, ಅವಳ ಹೊಟ್ಟೆಯಲ್ಲಿದ್ದ ಸಂಕಟ ಅದೊಂದೇ. "ಎಲ್ಲಿ ಐತೋ ಅಲ್ಲೇ ಇರ್ತದವ್ವ" ಅಂದೆ. "ಅವರ ಹೆಂಡ್ತಿ ಫೋಟೋನೂ ಬಾಜೂಕ ಬರ್ತದ. ಯಾರೂ ಯಾರನ್ನೂ ಗೋಡಿಯಿಂದ ಇಳಿಸೋದಿಲ್ಲ." ಬಹಳ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ಹಂಗಾದ್ರ ಗೋಡಿಗೆ ಸುಣ್ಣನರ ಬಳಿಸಬೇ ಯವ್ವಾ, ಹೊಲಸಾಗೇದ" ಅಂದಳು. ನನ್ನ ಮಗಳು ಖಾಲಾ!

ಈಗ ನಿಮಗೊಂದು ಕೆಲಸ. ದೇವಪುತ್ರಪ್ಪನವರಿಗೆ ಹೇಳಿ ಕಳಿಸಿ, ಸುವಾರ್ತಮ್ಮ ಹೂಂ ಅಂದಾಳ ಅಂತ. ಆದರೆ ಅಂಗಡಿ ಬಿಡುವವಳಲ್ಲ, ಶಹಾಪುರಕ್ಕೂ ಬರುವವಳಲ್ಲ, ಅವರೇ ಸುರಪುರಕ್ಕೆ ಬಂದು ಇರಬೇಕು. ಅಡುಗೆ ದಿನ ಬಿಟ್ಟು ದಿನ ಅವರದು. ಒಪ್ಪಿದರೆ ಒಳ್ಳೆಯದು, ಒಪ್ಪದಿದ್ದರೂ ನಾನು ಕೇಳಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಇಷ್ಟು ಕಲಿಯಲು ಇಷ್ಟು ದೂರ ಬರಬೇಕಾಯಿತು. ಓಡಿ ಬಂದವಳನ್ನೂ ದೇವರು ಕೆಲಸಕ್ಕೆ ಹಚ್ಚಿ, ಪ್ರೀತಿ ಮಾಡಿ, ನಗಿಸಿ ಕಳಿಸುತ್ತಿದ್ದಾನೆ.

ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಬಿಡಬೇಡಿ, ನನ್ನ ಮದುವೆಯಲ್ಲಿ ನೀವು ನಿಲ್ಲಬೇಕು. ನಿಮ್ಮ ದುವಾದಲ್ಲಿ ನನ್ನ ಹೆಸರು ಇರಲಿ, ನನ್ನ ಪ್ರಾರ್ಥನೆಯಲ್ಲಿ ನಿಮ್ಮದಿದೆ. ದೇವರ ಸಮಾಧಾನ ನಿಮ್ಮ ಕಟ್ಟೆಯ ಮೇಲೂ ನಿಮ್ಮ ನಿದ್ದೆಯ ಮೇಲೂ ಇರಲಿ.

ನೀವು ಮಶೀನಿನ ಮುಂದೆ ಕೂರಿಸಿದ ಮಗಳು,
ಸುವಾರ್ತಮ್ಮ