ಅಮ್ಮ ಒಪ್ಪಲ್ಲ ಅಂದವರು ಯಾರು?

ಪುಟ್ಟಿ,

ಆಸ್ಪತ್ರೆಗೆ ಹೊರಟೆ, ಇವತ್ತು ಬೆಳಗಿನ ಪಾಳಿ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಊಟ ಮಾಡು.

ನಿನ್ನೆ ಸಂಜೆ ನೀನು ಲ್ಯಾಪ್‌ಟಾಪಿನಲ್ಲಿ ನಿನ್ನ ಮಾರ್ಗದರ್ಶಕಿ ಮೇಡಂ ಜೊತೆ ಮಾತಾಡುತ್ತಿದ್ದಾಗ ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಬೇಕೆಂದೇ ಕೇಳಿಸಿಕೊಳ್ಳಲಿಲ್ಲ, ಕಿವಿಗೆ ಬಿತ್ತು. "ಡಿಗ್ರಿ ಮುಗಿಸಿ ಸಂಶೋಧನೆಗೆ ಬಾಮ್ಮ, ನಿಂಗೆ ಆ ತಲೆ ಇದೆ" ಅಂದರು ಅವರು. ನೀನು "ನಮ್ಮಮ್ಮ ಒಪ್ಪಲ್ಲ ಮೇಡಂ" ಅಂದುಬಿಟ್ಟೆ.

ನನ್ನನ್ನು ಯಾವಾಗ ಕೇಳಿದೆ ಮಹರಾಯ್ತಿ? ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ನೀನು ಲ್ಯಾಪ್‌ಟಾಪ್ ಮುಚ್ಚಿ ಮಂಕಾಗಿ ಕೂತಿದ್ದನ್ನು ನೋಡಿದೆ. ನಿನ್ನ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲೇ ಹುಡುಗಿಯರು ಬೆರಳೆಣಿಕೆ, ಮುಂದೆ ಒಬ್ಬಳೇ ಆಗಿಬಿಟ್ಟರೆ ಎಂಬ ದಿಗಿಲು ತಾನೇ? ದಿಗಿಲಾದರೆ ದಿಗಿಲು ಎಂದೇ ಹೇಳು, ನನ್ನ ತಲೆಗೆ ಕಟ್ಟಬೇಡ. ಆ ಮೇಡಂ ಕೂಡ ಅದನ್ನು ದಾಟಿಯೇ ಬಂದಿರುತ್ತಾರೆ.

ಡಾಕ್ಟರ ಕೈಬರಹ ಓದಲೆಂದು ನೀನು ಬರೆಯುತ್ತಿರುವ ಕಂಪ್ಯೂಟರ್ ಪ್ರೋಗ್ರಾಮನ್ನೂ ಅರ್ಧಕ್ಕೆ ಬಿಡಬೇಡ. ಅವರ ಕೋಳಿ ಕೆದರಿದಂಥ ಅಕ್ಷರ ಬಿಡಿಸಿ ಬಿಡಿಸಿ ನನ್ನ ಕಣ್ಣು ಸೋತಿದೆ.

ನನ್ನ ಕೋಣೆಯಲ್ಲಿ ಕೂತು ಇವತ್ತೇ ನಿನ್ನ ಮೇಡಂಗೆ ಫೋನ್ ಮಾಡು, ಅಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. ಆ ಹೊತ್ತಿಗೆ ಮಿಕ್ಸಿ ಹಾಕಬೇಡಿ ಎಂದು ಅಜ್ಜಿಗೆ ಹೇಳಿದ್ದೇನೆ. "ಅಮ್ಮನ್ನ ನಾನು ಕೇಳೇ ಇರಲಿಲ್ಲ ಮೇಡಂ" ಅಂತ ನಿಜ ಹೇಳು.

ಸಂಜೆ ನಾನು ಬಂದ ಮೇಲೆ ನನ್ನನ್ನೂ ಕೇಳು. ನಾನು ಏನನ್ನುತ್ತೇನೆ ಎಂದು ನಿನಗೆ ಈಗಲೇ ಗೊತ್ತಾಗಿರಬಹುದು. ಆದರೂ ಕೇಳು. ಮಗಳು ಬಂದು ಕೇಳಿದಳು, ನಾನು ಹೂಂ ಅಂದೆ ಅಂತ ಆಗಲಿ.

ಅಮ್ಮ