ಯಾರದೂ ತಕರಾರಿಲ್ಲ

೧೨ ಅಕ್ಟೋಬರ್ ೧೯೯೫

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಸತ್ತೆವ್ವಳ ನಮಸ್ಕಾರ.

ಈ ಸಲ ದೀಪಾವಳಿ ಮುಗಿದ ಮೇಲೆ ಮುಗಳಖೋಡದಿಂದ ಕುರಿ ಹೊಡೆದುಕೊಂಡು ನಮ್ಮೂರಿಗೆ ಬರಬೇಡಿ. ಮಂಗಸೂಳಿ ಕಡೆ ಹೋಗಿ. ಪರವೂರಿನ ಕುರಿ ನಮ್ಮೂರ ಗಾಯರಾಣದ ಹುಲ್ಲುಗಾವಲಿನಲ್ಲಿ ಮೇಯಬಾರದೆಂದು ಸೋಮವಾರ ಪಂಚಾಯ್ತಿಯಲ್ಲಿ ಠರಾವಾಗಿದೆ. ಬಂದರೆ ಕುರಿಗಳನ್ನು ಕೊಂಡವಾಡದಲ್ಲಿ ಕೂಡಿಹಾಕಿ, ದಂಡ ಕಟ್ಟುವವರೆಗೆ ಬಿಡುವುದಿಲ್ಲ.

ಮೆಂಬರಾಗಿ ನೀನು ಏನು ಮಾಡುತ್ತಿದ್ದೆ ಎಂದು ಕೇಳುತ್ತೀರಿ. ಏನು ಹೇಳಬೇಕೆಂದು ರೊಟ್ಟಿ ಬಡಿಯುತ್ತ ಎರಡು ದಿನ ಬಾಯಿಪಾಠ ಮಾಡಿದ್ದೆ. ಆದರೆ ಅಧ್ಯಕ್ಷರು ನಮ್ಮ ಮಾವನವರೇ. ಮದುವೆಯಾಗಿ ಒಂಬತ್ತು ವರ್ಷವಾಯಿತು, ಅವರೆದುರು ಒಂದು ಮಾತೂ ಆಡಿದವಳಲ್ಲ. ಈ ಮನೆಯಲ್ಲಿ ಸೊಸೆಯರು ಆಡುವುದಿಲ್ಲ. "ಯಾರದರ ತಕರಾರು ಐತೇನ್ರಿ?" ಎಂದು ಅವರು ಮೂರು ಸಲ ಕೇಳಿದರು. ಮೂರು ಸಲವೂ ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. "ಹಂಗಾರ ಎಲ್ಲಾರೂ ಒಪ್ಯಾರ, ಬರ್ಕೋರಿ," ಎಂದು ಕಾರ್ಯದರ್ಶಿಗೆ ಹೇಳಿದರು.

ಮನೆಗೆ ಬಂದು ಅತ್ತೆಯ ಬಾಯಿಂದ ಮಾವನವರಿಗೆ ಹೇಳಿಸಿದೆ. "ಸಭಾದಾಗ ಯಾಕ ಹೇಳ್ಲಿಲ್ಲಂತ ಕೇಳ ಆಕೀನ," ಅಂದರಂತೆ.

ವರ್ಷಕ್ಕೊಮ್ಮೆ ನೀವು ಬಂದಾಗ ಕೊಡೋಣವೆಂದು ಅವ್ವನಿಗೆ ಒಂದು ಸೀರೆ ತೆಗೆದಿಟ್ಟಿದ್ದೆ. ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ಈ ಕಾಗದವನ್ನು ತಮ್ಮ ಭೀಮಸಿಯಿಂದಲೇ ಓದಿಸಿಕೊಳ್ಳಿ, ಬೇರೆಯವರಿಂದ ಬೇಡ.

ಠರಾವಿನ ಪುಸ್ತಕದಲ್ಲಿ ಮೆಂಬರಾದ ಉಳಿದ ಇಬ್ಬರು ಹೆಣ್ಣುಮಕ್ಕಳದು ಹೆಬ್ಬೆಟ್ಟು. ನನ್ನದೊಂದೇ ಸಹಿ. ಕುರಿ ಕಾಯುವುದು ಬಿಡಿಸಿ ನನ್ನನ್ನು ಸಾಲಿಗೆ ಕಳಿಸಿದ್ದಿರಲ್ಲ ಅಪ್ಪಾ, ಅಕ್ಷರ ದುಂಡಗೆ ಬಂದಿವೆ.

ಇತಿ ನಿಮ್ಮ ಮಗಳು,
ಸತ್ತೆವ್ವ