ಮೈತ್ರಿಯ ಸೀಟು, ನನ್ನ ಹರಕೆ

ಆಗಸ್ಟ್ 19, ಮಂಗಳವಾರ

ಸಂತೋಷಪಡಬೇಕೋ ಬೇಡವೋ, ತಿಳಿಯುತ್ತಿಲ್ಲ. ಮೈತ್ರಿಯ ಪೊಲೀಸ್ ಡಿಪ್ಲೊಮಾ ನೋಡಿ ಯೂನಿವರ್ಸಿಟಿಯವರು ಡಿಗ್ರಿಯ ಎರಡನೇ ವರ್ಷಕ್ಕೇ ಸೇರಿಸಿಕೊಂಡಿದ್ದಾರೆ. ಡಿಗ್ರಿಗೆ ಸೇರಿದರೆ ಮಗಳು ಆ ಯೂನಿಫಾರ್ಮಿನ ಹುಚ್ಚು ಬಿಡುತ್ತಾಳೆಂದು ಸತ್ಯನಾರಾಯಣ ಪೂಜೆಯ ಹರಕೆ ಹೊತ್ತವಳು ನಾನೇ.

ಮಟಾಟು ವ್ಯಾನಿನಲ್ಲಿ ಮನೆಗೆ ಬರುವಾಗ ಕೇಳಿದೆ, “ಇನ್ನು ಪೊಲೀಸು ಗಿಲೀಸು ಎಲ್ಲ ಬೇಡ ಅಲ್ವೇನೇ?”

“ನೋ ಅಮ್ಮಾ! ಡಿಗ್ರಿ ಇದ್ರೆ ಐ ಕ್ಯಾನ್ ಬಿ ಆ್ಯನ್ ಆಫೀಸರ್,” ಎಂದು ತಬ್ಬಿಕೊಂಡಳು. ನಾನೂ ತಬ್ಬಿಕೊಂಡೆ, ಯಾಕೋ.

ಪಾರ್ಕ್‌ಲ್ಯಾಂಡ್ಸ್ ದೇವಸ್ಥಾನದ ಭಟ್ಟರಿಗೆ ಹೇಳಿಯಾಗಿದೆ, ಸಪಾದಕ್ಕೆ ರವೆ ತಂದಾಗಿದೆ. ಸೀಟು ಸಿಗಲಿ ಎಂದಷ್ಟೇ ಬೇಡಿದ್ದೆ, ಸಿಕ್ಕಿದೆ. ಹರಕೆ ತೀರಿಸದೆ ಇರುವಂತಿಲ್ಲ. ಪೂಜೆಗೆ ಅವಳೂ ಕೂತು ಕೈಮುಗಿಯುತ್ತಾಳೆ. ಅವಳು ಬೇಡುವುದೇನೆಂದು ಗೊತ್ತು. ಅದು ಆಗದಿರಲಿ ಎಂದು ನಾನು ಬೇಡಲೇ, ಅವಳ ಪಕ್ಕದಲ್ಲೇ ಕೂತು…